ನೆರಿಗೆ ಹಿಡಿದದ್ದು, ಸುಕ್ಕು ಬಿದ್ದದ್ದು

ಕನ್ನಡದಲ್ಲಿ ನೆರಿಗೆ ಬೇರೆ, ಸುಕ್ಕು ಬೇರೆ. ನೆರಿಗೆಯನ್ನು ನಾವು ಹಿಡಿಯುತ್ತೇವೆ. ಸುಕ್ಕು ತಾನಾಗಿ ಬೀಳುತ್ತದೆ. ಸೀರೆ ಉಡುವವರು ಹೆಚ್ಚಾದ ಬಟ್ಟೆ ಎಲ್ಲಿ ಸೇರಬೇಕೆಂದು ಮೊದಲೇ ತೀರ್ಮಾನಿಸಿ, ಬೆರಳುಗಳ ನಡುವೆ ಅಳೆದು ಮಡಿಸುತ್ತಾರೆ. ಅದೇ ಬಟ್ಟೆಗೆ ದಾರಿ ತೋರಿಸದೆ ಬಿಟ್ಟರೆ ಅದು ತನಗೆ ತೋಚಿದ ಕಡೆ ಮುದುಡಿಕೊಳ್ಳುತ್ತದೆ. ಬಟ್ಟೆ ಎರಡರಲ್ಲೂ ಒಂದೇ, ಹೆಚ್ಚಾದ ಅಳತೆಯೂ ಒಂದೇ. ವಿಮಾನದ ಬಾಗಿದ ಪಕ್ಕೆಲುಬುಗಳನ್ನು ಇಂಗಾಲದ ಎಳೆಗಳಿಂದ ಮಾಡುವವರನ್ನು ದಶಕಗಳಿಂದ ಕಾಡುತ್ತಿರುವುದು ಇದೇ ಸಮಸ್ಯೆ. ಅದರ ಚರಿತ್ರೆಯನ್ನು ಹುಡುಕುತ್ತ ಹೋದಂತೆ ನನಗೆ ಮತ್ತೆ ಮತ್ತೆ ಎದುರಾದವು ಚಿತ್ರದುರ್ಗ ಜಿಲ್ಲೆಯ ಎರಡು ಊರುಗಳು: ಮೊಳಕಾಲ್ಮೂರು ಮತ್ತು ಚಳ್ಳಕೆರೆ.

ಮೊಳಕಾಲ್ಮೂರನ್ನು ಚರಿತ್ರೆಯ ವಿದ್ಯಾರ್ಥಿಗಳು ಅಶೋಕನ ಶಾಸನಗಳ ತಾಲೂಕೆಂದು ಬಲ್ಲರು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲಿನ ಬರಹವನ್ನು ಬಿ. ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಮಿಕ್ಕವರಿಗೆ ಅದು ಸೀರೆಯ ಊರು. ಅಲ್ಲಿನ ಕೈಮಗ್ಗದ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ಚಳ್ಳಕೆರೆಗೆ ಶೇಂಗಾ ಎಣ್ಣೆಯ ಗಿರಣಿಗಳಿಂದ ಹೆಸರು ಬಂತು. ಅದಕ್ಕೂ ಮೊದಲಿನಿಂದ ಕುರಿ, ಉಣ್ಣೆ, ಕಂಬಳಿಯಿಂದ. ಈಗ ಅದೇ ಚಳ್ಳಕೆರೆಯ ಕಾವಲಿನಲ್ಲಿ ರನ್‌ವೇ ಇದೆ. ಪೈಲಟ್ ಇಲ್ಲದ ವಿಮಾನಗಳು ಅಲ್ಲಿ ಹಾರಾಟ ಕಲಿಯುತ್ತವೆ. ಹೀಗೆ ಒಂದೇ ಸೀಮೆಯಲ್ಲಿ ರೇಷ್ಮೆಯ ಎಳೆ, ಉಣ್ಣೆಯ ಎಳೆ, ಇಂಗಾಲದ ಎಳೆ ಮೂರೂ ಕೂಡಿವೆ. ಮೂರಕ್ಕೂ ಇರುವ ಸಂಬಂಧ ಹೆಸರಿಗಷ್ಟೇ ಅಲ್ಲ ಎನ್ನುವುದೇ ಈ ಬರಹದ ಮಾತು.

*

ಮೊದಲು ಸಮಸ್ಯೆ ಏನೆಂದು ನೋಡೋಣ. ವಿಮಾನದ ಮೈಯ ಹೊದಿಕೆ ತೆಳು. ಬರೀ ಹೊದಿಕೆಯಾದರೆ ಒತ್ತಡಕ್ಕೆ ಬಳುಕಿಬಿಡುತ್ತದೆ. ಆದ್ದರಿಂದ ಮೊರದ ಅಂಚಿಗೆ ಬಿದಿರಿನ ದಬ್ಬೆ ಕಟ್ಟುವಂತೆ, ಛತ್ರಿಯ ಬಟ್ಟೆಗೆ ಕಡ್ಡಿ ಕೊಡುವಂತೆ ಒಳಗಡೆ ಪಟ್ಟಿಗಳನ್ನು ಕೂರಿಸುತ್ತಾರೆ. ಉದ್ದಕ್ಕೆ ಓಡುವವು ಕೆಲವು, ಸುತ್ತ ಬಳಸುವವು ಕೆಲವು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಒಟ್ಟಾಗಿ ಸ್ಟಿಫನರ್ ಎನ್ನುತ್ತಾರೆ. ಅಡ್ಡಕ್ಕೆ ಕೊಯ್ದು ನೋಡಿದರೆ ಇವು ಇಂಗ್ಲಿಷಿನ ಸಿ, ಝಡ್, ಟಿ ಅಕ್ಷರಗಳ ಹಾಗೆ, ಇಲ್ಲವೇ ಟೊಪ್ಪಿಯ ಹಾಗೆ ಕಾಣುತ್ತವೆ. ವಿಮಾನದ ಮೈ ಗುಂಡಗಿರುವುದರಿಂದ ಪಟ್ಟಿಯೂ ಬಾಗಿರಲೇಬೇಕು.

ಅಲ್ಯೂಮಿನಿಯಂ ಕಾಲದಲ್ಲಿ ಇದು ದೊಡ್ಡ ತೊಡಕಾಗಿರಲಿಲ್ಲ. ಲೋಹ ಹಿಗ್ಗುತ್ತದೆ, ಕುಗ್ಗುತ್ತದೆ. ತಾಮ್ರದ ಹಂಡೆ ಬಡಿಯುವವರು ಸುತ್ತಿಗೆಯ ಏಟಿನಲ್ಲೇ ಚಪ್ಪಟೆ ತಗಡನ್ನು ಹೊಟ್ಟೆಯುಬ್ಬಿದ ಪಾತ್ರೆ ಮಾಡುತ್ತಿದ್ದರು. ಹೆಚ್ಚಾದ ಲೋಹ ಒಂದು ಕಡೆ ದಪ್ಪವಾಗಿ, ಇನ್ನೊಂದು ಕಡೆ ತೆಳುವಾಗಿ ಹೊಂದಿಕೊಳ್ಳುತ್ತಿತ್ತು. ಇಂಗಾಲದ ಎಳೆಗೆ ಈ ಗುಣವಿಲ್ಲ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಏಳು ಪಾಲು. ಜಗ್ಗಿದರೆ ನೂರಕ್ಕೆ ಎರಡರಷ್ಟು ಹಿಗ್ಗುವಷ್ಟರಲ್ಲಿ ಹರಿಯುತ್ತದೆ. ಅದುಮಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಹಾಗೆ ಬಾಗಿದ್ದೇ ಸುಕ್ಕು.

ಒಂದು ನೋಟ್‌ಬುಕ್ಕನ್ನು ಕೈಗೆತ್ತಿಕೊಂಡು ಬಾಗಿಸಿ ನೋಡಿ. ಹಾಳೆಗಳು ಒಂದರ ಮೇಲೊಂದು ಜಾರಿ, ಅಂಚು ಓರೆಯಾಗುತ್ತದೆ. ಈಗ ಎರಡೂ ಅಂಚಿಗೆ ಕ್ಲಿಪ್ ಹಾಕಿ ಬಿಗಿದು ಮತ್ತೆ ಬಾಗಿಸಿ. ಒಳಗಿನ ಹಾಳೆಗಳು ಉಬ್ಬಿ ಮಡಿಕೆ ಬೀಳುತ್ತವೆ. ಇಂಗಾಲದ ಪದರಗಳ ಕಥೆಯೂ ಅಷ್ಟೇ. ಒಂದು ಪದರದ ದಪ್ಪ ಕಾಲು ಮಿಲಿಮೀಟರಿಗಿಂತಲೂ ಕಡಿಮೆ. ಅಂಥವನ್ನು ಒಂದರ ಮೇಲೊಂದಿಟ್ಟು 5 ಮಿಲಿಮೀಟರ್ ದಪ್ಪದ ಅಟ್ಟಿ ಮಾಡಿ, ಕಟ್ಟೆಯ ಮೂಲೆಯಂತೆ 90 ಡಿಗ್ರಿ ಬಾಗಿಸಿದರೆ ಒಳಪದರಕ್ಕೂ ಹೊರಪದರಕ್ಕೂ ಉದ್ದದಲ್ಲಿ ಸುಮಾರು 8 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಮೂಲೆ ಚೂಪಾಗಿರಲಿ, ಮೊಂಡಾಗಿರಲಿ, ಈ ಅಂಕಿ ಬದಲಾಗುವುದಿಲ್ಲ. ಈ 8 ಮಿಲಿಮೀಟರ್ ಅಂಚಿನ ಕಡೆಗೆ ಜಾರಿ ಹೊರಗೆ ಹೋಗಬೇಕು. ಹೋಗಲಾಗದಿದ್ದರೆ ಒಳಗೇ ಉಳಿದು ಸುಕ್ಕಾಗುತ್ತದೆ.

ಇದು ಮೂಲೆಯ ಮಾತಾಯಿತು. ಪಟ್ಟಿ ತನ್ನ ಉದ್ದಕ್ಕೇ ಬಾಗಿದ್ದರೆ ಇನ್ನೊಂದು ತೊಂದರೆ. 2 ಮೀಟರ್ ತ್ರಿಜ್ಯದ ಬಳೆಯಂಥ ಪಟ್ಟಿ, ಎತ್ತರ 10 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಹೊರ ಅಂಚು ಪ್ರತಿ 2 ಮೀಟರ್ ಸಾಗುವಾಗ ಒಳ ಅಂಚು 1.9 ಮೀಟರ್ ಮಾತ್ರ ಸಾಗುತ್ತದೆ. ನೇರವಾದ ಅಟ್ಟಿಯನ್ನು ತಂದು ಹೀಗೆ ಬಳಸಿದರೆ ಒಳಗಡೆ ನೂರಕ್ಕೆ ಐದರಷ್ಟು ಎಳೆ ಹೆಚ್ಚಾಗುತ್ತದೆ. ಎರಡರಷ್ಟು ಹಿಗ್ಗಲಾರದ ಎಳೆ ಐದರಷ್ಟು ಕುಗ್ಗೀತೇ?

*

ಈ ಸಂಕಟಕ್ಕೆ ಮೂಲವಾದ ಗಣಿತ ವಿಮಾನಕ್ಕಿಂತ ಹಳೆಯದು. 1827ರಲ್ಲಿ ಗಾಸ್ ಎಂಬ ಜರ್ಮನ್ ಗಣಿತಜ್ಞ ಬಾಗಿದ ಮೇಲ್ಮೈಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಒಂದು ಮಾತನ್ನು ಸಾಧಿಸಿ ತೋರಿಸಿದ. ಅದರ ಸಾರ ಇಷ್ಟು: ಹಿಗ್ಗದ ಕುಗ್ಗದ ಹಾಳೆಯನ್ನು ಕೊಳವೆಗೆ ಸುತ್ತಬಹುದು, ಚೆಂಡಿಗೆ ಸುತ್ತಲಾಗದು. ಕಿತ್ತಳೆಯ ಸಿಪ್ಪೆಯನ್ನು ಹರಿಯದೆ ಚಪ್ಪಟೆ ಮಾಡಲಾಗದು ಎಂದು ಎಲ್ಲರಿಗೂ ಗೊತ್ತು. ಗಾಸ್ ಅದಕ್ಕೆ ಕಾರಣ ಕೊಟ್ಟ.

ಆದರೆ ಬಟ್ಟೆ ಹಾಳೆಯಲ್ಲ. ಅದಕ್ಕೆ ಹಾಸು ಇದೆ, ಹೊಕ್ಕು ಇದೆ, ಎರಡರ ನಡುವೆ ತಿರುಗುವ ಸಂದಿಗಳಿವೆ. ಹಾಸಿನ ಗುಂಟ ಜಗ್ಗಿದರೆ ಬಗ್ಗದ ಬಟ್ಟೆ ಓರೆಯಾಗಿ ಜಗ್ಗಿದರೆ ಬಗ್ಗುತ್ತದೆ. ಚೌಕಗಳು ವಾಲಿ ಪತಂಗದ ಆಕಾರಕ್ಕೆ ಬರುತ್ತವೆ. ರವಿಕೆ ಹೊಲಿಯುವ ನಮ್ಮ ದರ್ಜಿಗಳು ‘ಕ್ರಾಸ್ ಕಟ್’ ಎನ್ನುವುದು ಈ ಗುಣವನ್ನು ಬಳಸಿಕೊಳ್ಳುವುದಕ್ಕೆ. ರಷ್ಯಾದ ಗಣಿತಜ್ಞ ಚೆಬಿಶೆವ್ 1878ರಲ್ಲಿ ಪ್ಯಾರಿಸ್‌ನಲ್ಲಿ ಬಟ್ಟೆ ಕತ್ತರಿಸುವುದರ ಕುರಿತೇ ಒಂದು ಉಪನ್ಯಾಸ ಕೊಟ್ಟ. ಎಳೆಗಳು ಹಿಗ್ಗುವುದಿಲ್ಲ, ಅವುಗಳ ನಡುವಿನ ಕೋನ ಮಾತ್ರ ಬದಲಾಗುತ್ತದೆ ಎಂದಿಟ್ಟುಕೊಂಡು ಚೆಂಡಿಗೆ ಬಟ್ಟೆ ತೊಡಿಸುವ ಲೆಕ್ಕ ಮಾಡಿದ. ಅವನು ಮಾತು ಆರಂಭಿಸಿ ‘ಮನುಷ್ಯನ ದೇಹವನ್ನು ಗೋಳವೆಂದು ಭಾವಿಸೋಣ’ ಎಂದೊಡನೆ ಸಭೆಯಲ್ಲಿದ್ದ ದರ್ಜಿಗಳೆಲ್ಲ ಎದ್ದು ಹೋದರೆಂಬ ತಮಾಷೆಯ ಕಟ್ಟುಕಥೆಯೂ ಇದೆ. ದರ್ಜಿಗಳಿಗೆ ಬೇಡವಾದ ಆ ಲೆಕ್ಕವನ್ನು 1956ರಲ್ಲಿ ಮ್ಯಾಕ್ ಮತ್ತು ಟೇಲರ್ ಎಂಬಿಬ್ಬರು ನೇಯ್ಗೆಯ ಸಂಶೋಧನಾ ಪತ್ರಿಕೆಯೊಂದರಲ್ಲಿ ಹೊಸದಾಗಿ ಬೆಳೆಸಿದರು. ಮುಂದೆ ಅದೇ ವಿಮಾನದ ಬಟ್ಟೆಗೆ ಉಪಯೋಗಕ್ಕೆ ಬಂತು.

ಎಳೆ ಮತ್ತು ಅಂಟನ್ನು ಕೂಡಿಸಿ ವಿಮಾನ ಕಟ್ಟುವ ಆಸೆಯೂ ಬಟ್ಟೆಯ ಲೋಕದಿಂದಲೇ ಬಂದದ್ದು. 1930ರ ದಶಕದ ಇಂಗ್ಲೆಂಡಿನಲ್ಲಿ ನಾರ್ಮನ್ ಡಿ ಬ್ರೂಯಿನ್ ಅಗಸೆ ನಾರಿಗೆ ರೆಸಿನ್ ಕುಡಿಸಿ ಗಟ್ಟಿ ಹಲಗೆ ಮಾಡಿದ. ಯುದ್ಧಕಾಲದಲ್ಲಿ ಅಲ್ಯೂಮಿನಿಯಂ ಸಾಲದೆ ಹೋದೀತೆಂಬ ಭಯದಿಂದ ಸ್ಪಿಟ್‌ಫೈರ್ ವಿಮಾನದ ಮೈಯನ್ನು ಪ್ರಯೋಗಕ್ಕೆಂದು ಆ ನಾರಿನಲ್ಲೇ ಮಾಡಿ ನೋಡಿದರು. 1960ರ ದಶಕದಲ್ಲಿ ಜಪಾನಿನ ಅಕಿಯೊ ಶಿಂಡೊ, ಇಂಗ್ಲೆಂಡಿನ ಫಾರ್ನ್‌ಬರೋ ಸಂಸ್ಥೆಯ ವಿಲಿಯಂ ವಾಟ್ ಮತ್ತವರ ಜೊತೆಗಾರರು ಅಕ್ರಿಲಿಕ್ ನೂಲನ್ನು ಹದವಾಗಿ ಸುಟ್ಟು ಇಂಗಾಲದ ಎಳೆ ತೆಗೆದರು. ಅಕ್ರಿಲಿಕ್ ಎಂದರೆ ಅಗ್ಗದ ಸ್ವೆಟರು, ಶಾಲುಗಳ ನೂಲು. ಉಣ್ಣೆಗೆ ಪೇಟೆಯಲ್ಲಿ ಪೈಪೋಟಿಯಾಗಿ ಬಂದದ್ದೂ ಅದೇ, ವಿಮಾನದ ಎಳೆಗೆ ತಾಯಿಯಾದದ್ದೂ ಅದೇ.

ಭಾರತದಲ್ಲಿ ಈ ಕೆಲಸದ ಮುಖ್ಯ ನೆಲೆ ಬೆಂಗಳೂರು. 1959ರಲ್ಲಿ ಶುರುವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಮೊದಲು ಗಾಜಿನೆಳೆಯಲ್ಲಿ ಕೈ ಪಳಗಿಸಿಕೊಂಡಿತು. ಅದರ ಹಂಸ ಎಂಬ ಪುಟ್ಟ ತರಬೇತಿ ವಿಮಾನ 1993ರ ನವೆಂಬರಿನಲ್ಲಿ ಮೊದಲ ಸಲ ಹಾರಿತು. 2001ರ ಜನವರಿ 4ರಂದು ಹಾರಿದ ತೇಜಸ್ ವಿಮಾನದ ರೆಕ್ಕೆ ಇಂಗಾಲದ್ದು. ಅದರ ಬಾಲದ ಫಿನ್ ಮತ್ತು ರಡ್ಡರ್ ಮಾಡಿದ್ದು ಎನ್‌ಎಎಲ್. ತೇಜಸ್‌ಗಾಗಿ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿ ‘ಆಟೊಲೇ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ಪದರ ಪದರವಾಗಿ ಕಟ್ಟುವ ಭಾಗಗಳನ್ನು ವಿನ್ಯಾಸ ಮಾಡಲು ನೆರವಾಗುವ ಈ ಸಾಧನವನ್ನು ಏರ್‌ಬಸ್ ಕೂಡ ಕೊಂಡಿತು.

*

ಸುಕ್ಕಿಗೆ ಇಷ್ಟೊಂದು ಹೆದರುವುದೇಕೆ? ಇಂಗಾಲದ ಎಳೆ ನೆಟ್ಟಗಿದ್ದಾಗ ಮಾತ್ರ ಭಾರ ಹೊರುತ್ತದೆ. ಜಗ್ಗುವ ಬಲಕ್ಕಿಂತ ಅದುಮುವ ಬಲದಲ್ಲಿ ಇದು ಹೆಚ್ಚು ನಿಜ. 1965ರಲ್ಲಿ ರೋಸೆನ್, 1972ರಲ್ಲಿ ಆರ್ಗಾನ್ ಎಂಬ ವಿಜ್ಞಾನಿಗಳು ಅದುಮಿದಾಗ ಎಳೆಗಳು ಹೇಗೆ ಸೋಲುತ್ತವೆಂದು ವಿವರಿಸಿದರು. ಎಳೆ ಕೆಲವೇ ಡಿಗ್ರಿ ಓರೆಯಾಗಿದ್ದರೂ ಸಾಕು, ಭಾರ ಬಿದ್ದಾಗ ಅದು ಅಲ್ಲಿಂದಲೇ ಮತ್ತಷ್ಟು ವಾಲಿ, ಪಕ್ಕದವನ್ನೂ ವಾಲಿಸಿ, ಕೊನೆಗೆ ಸಾಲಿಗೆ ಸಾಲೇ ಮುರಿಯುತ್ತದೆ. ಸುಕ್ಕು ಮೇಲ್ಮೈಯಲ್ಲಿದ್ದರೆ ಕಣ್ಣಿಗೆ ಬೀಳುತ್ತದೆ. ಹತ್ತಾರು ಪದರಗಳ ನಡುವೆ ಹೂತಿದ್ದರೆ ಸುಲಭವಾಗಿ ಸಿಗುವುದಿಲ್ಲ. ಒಳಗೆ ಪದರ ಬಿಟ್ಟಿದ್ದರೆ ಶ್ರವಣಾತೀತ ಅಲೆ ಬೇಗ ತೋರಿಸಿಕೊಡುತ್ತದೆ. ಬಿಡದೆ ಬರೀ ಅಲೆಯಾಗಿ ನಿಂತ ಸುಕ್ಕನ್ನು ತೋರಿಸುವುದು ಅಷ್ಟು ಸಲೀಸಲ್ಲ. ಒಮ್ಮೆ ಆಟೋಕ್ಲೇವ್ ಒಲೆಯಲ್ಲಿ 180 ಡಿಗ್ರಿಯ ಆಸುಪಾಸಿನಲ್ಲಿ ಬೆಂದು ಗಟ್ಟಿಯಾದ ಮೇಲೆ ಇಸ್ತ್ರಿ ಹಾಕಿ ಸರಿಪಡಿಸುವಂತೆಯೂ ಇಲ್ಲ.

ಆದ್ದರಿಂದ ಬೇಯುವ ಮೊದಲೇ ಉಪಾಯ ಮಾಡಬೇಕು. ಈ ಉಪಾಯಗಳನ್ನು ಓದುತ್ತ ಹೋದಾಗ ನನಗೆ ಮಗ್ಗದ ಮನೆಯ ಮಾತುಗಳೇ ಕೇಳಿಸಿದವು.

ಮೊದಲನೆಯದು, ಬಿಗಿ. ಮಗ್ಗದಲ್ಲಿ ಹಾಸು ಎಲ್ಲ ಕಡೆ ಒಂದೇ ಬಿಗಿಯಲ್ಲಿರಬೇಕು. ಸೀರೆಯ ಮೈ ಒಂದು ಬಿಗಿಯಲ್ಲಿದ್ದು ಅಂಚಿನ ಎಳೆ ಇನ್ನೊಂದು ಬಿಗಿಯಲ್ಲಿದ್ದರೆ ಮಗ್ಗದಿಂದ ಇಳಿಸಿದೊಡನೆ ಅಂಚು ಮುದುಡುತ್ತದೆ. ಅಕ್ಕಪಕ್ಕದ ಎರಡು ಉದ್ದಗಳು ಹೊಂದದಿರುವುದೇ ಅದಕ್ಕೆ ಕಾರಣ, ಬಾಗಿದ ಪಟ್ಟಿಯ ಒಳ ಅಂಚಿಗೆ ಆಗುವಂತೆಯೇ. ವಿಮಾನದ ಪಟ್ಟಿಯನ್ನು ಅಚ್ಚಿನ ಮೇಲೆ ಬಾಗಿಸುವಾಗಲೂ ಪದರಗಳನ್ನು ಎರಡು ರಬ್ಬರ್ ಹಾಳೆಗಳ ನಡುವಿಟ್ಟು ಗಾಳಿ ಎಳೆದು, ಎಳೆಗಳು ಸಡಿಲವಾಗದಂತೆ ಹಿಡಿದುಕೊಂಡೇ ಬಾಗಿಸುತ್ತಾರೆ. ಸಡಿಲವಾಗದ ಎಳೆಗೆ ಸುಕ್ಕು ಬೀಳುವುದು ಕಷ್ಟ.

ಎರಡನೆಯದು, ಅಂಟಿನ ಹದ. ರೇಷ್ಮೆಗೆ ಹುಟ್ಟಿನಿಂದ ಬಂದ ಅಂಟನ್ನು ಕುದಿಸಿ ತೆಗೆದರೇ ಅದಕ್ಕೆ ಮೃದುತ್ವ. ಕಂಬಳಿಯ ಉಣ್ಣೆಗೆ ಇದರ ತಿರುಗುಮುರುಗು: ಹಾಸಿಗೆ ಹುಣಸೆ ಬೀಜದ ಸರಿ ಹಚ್ಚಿ ಒಣಗಿಸಿದರೇ ನೂಲು ಮಗ್ಗದ ಎಳೆತ ತಾಳುತ್ತದೆ. ಇಂಗಾಲದ ಎಳೆಗಳಿಗೂ ಮೊದಲೇ ರೆಸಿನ್ ಕುಡಿಸಿಟ್ಟಿರುತ್ತಾರೆ; ಅದರ ಹೆಸರು ಪ್ರಿಪ್ರೆಗ್. ತಣ್ಣಗಿದ್ದಾಗ ಆ ರೆಸಿನ್ ಪದರಗಳನ್ನು ಅಂಟಿಸಿ ಹಿಡಿದುಬಿಡುತ್ತದೆ, ಜಾರಲು ಬಿಡುವುದಿಲ್ಲ. ಆದ್ದರಿಂದ ಬೇಯದಷ್ಟು, ಆದರೆ ಮೆತ್ತಗಾಗುವಷ್ಟು ಬಿಸಿ ಮಾಡಿ, ನಿಧಾನವಾಗಿ ಬಾಗಿಸುತ್ತಾರೆ. ಅವಸರ ಮಾಡಿದರೆ ಜಾರುವುದಕ್ಕೆ ಹೊತ್ತು ಸಾಲದು.

ಮೂರನೆಯದು, ದಿಕ್ಕು. ಒಂದು ಕಡೆಯಿಂದ ಒತ್ತುತ್ತ ಇನ್ನೊಂದು ಕಡೆಗೆ ಹೋಗಬೇಕು. ಹಾಸಿಗೆಯ ಹೊದಿಕೆಯನ್ನು ನಡುವಿನಿಂದ ಅಂಚಿಗೆ ಸವರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡೂ ತುದಿಯನ್ನು ಮೊದಲು ಒತ್ತಿಬಿಟ್ಟರೆ ಹೆಚ್ಚಾದದ್ದು ನಡುವೆ ಸಿಕ್ಕಿಕೊಳ್ಳುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಹಳೆಯದು: ಕತ್ತರಿ. ಓರೆಯಾಗಿ 45 ಡಿಗ್ರಿಯಲ್ಲಿ ಹಾಕಿದ ಪದರಗಳು ಬಾಗಿಗೆ ಹೊಂದಿಕೊಳ್ಳುತ್ತವೆ. ಉದ್ದಕ್ಕೆ ಓಡುವ ಪದರಗಳೇ ಹಟಮಾರಿಗಳು. ಅವನ್ನು ಅಲ್ಲಲ್ಲಿ ಕತ್ತರಿಸಿ, ಹೆಚ್ಚಾದದ್ದನ್ನು ತೆಗೆದು, ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಇಡುತ್ತಾರೆ. ಕಡಿದ ಎಳೆ ಭಾರ ದಾಟಿಸದು ನಿಜ, ಆದರೆ ಕಡಿತ ಎಲ್ಲಿದೆಯೆಂದು ಗೊತ್ತಿರುತ್ತದೆ. ಒಂದು ಪದರದ ಕಡಿತ ಇನ್ನೊಂದರ ಕಡಿತದ ಮೇಲೆ ಬಾರದಂತೆ ನೋಡಿಕೊಳ್ಳಬಹುದು. ಇಲ್ಲವೇ ಕೆಲವು ಮಿಲಿಮೀಟರ್ ಅಗಲದ ಪಟ್ಟಿಗಳನ್ನು ಯಂತ್ರದ ಕೈಯಿಂದ ಮೊದಲಿನಿಂದಲೇ ಬಾಗಿನ ಗುಂಟ ಹಾಸಬಹುದು, ಜಡೆಯಂತೆ ಹೆಣೆಯಬಹುದು. ನೆರಿಗೆ ಹಿಡಿಯುವುದೆಂದರೆ ಇದೇ ಅಲ್ಲವೇ? ಹೆಚ್ಚಾದದ್ದನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಅದು ಎಲ್ಲಿ ಹೋಗಿ ಸೇರಬೇಕೆಂದು ಹೇಳಬಹುದು, ಅಷ್ಟೇ.

*

ಈಗ ಚಳ್ಳಕೆರೆಯ ಕಾವಲಿಗೆ ಬರೋಣ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಟಿಪ್ಪು ಅಮೃತಮಹಲ್ ಎಂದು ಹೆಸರಿಸಿದ. ಆ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಚಳ್ಳಕೆರೆಯ ಕಾವಲುಗಳನ್ನು ನಂಬಿ ದನ ಮಾತ್ರವಲ್ಲ, ಸುತ್ತಲ ಹಳ್ಳಿಗಳ ಕುರಿಗಳೂ ಬದುಕಿದವು. ಕುರಿಯನ್ನು ನಂಬಿ ಕಂಬಳಿ ಬದುಕಿತು. 2008ರಿಂದ ಈಚೆಗೆ ಇಲ್ಲಿನ ಸುಮಾರು 10,000 ಎಕರೆಯನ್ನು ವಿಜ್ಞಾನ, ರಕ್ಷಣಾ ಮತ್ತು ಇಂಧನ ಸಂಸ್ಥೆಗಳಿಗೆ ಹಂಚಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಉಳ್ಳಾರ್ತಿಯ ಕಡೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ ಒಂದಿಷ್ಟು. ಗೋಡೆಗಳು ಎದ್ದವು. ಹಳ್ಳಿಯವರು ಪ್ರತಿಭಟಿಸಿದರು. ವಿವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರಲ್ಲಿ ಷರತ್ತುಗಳೊಂದಿಗೆ ಯೋಜನೆಗಳು ಮುಂದುವರಿದವು.

2017ರ ಮೇ 28ರಂದು ಅಲ್ಲಿನ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ ರುಸ್ತುಂ-2 ಅಲ್ಲಿ ಹಾರಿತ್ತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಹೆಲಿಕಾಪ್ಟರಿನಿಂದ ಕಳಚಿಕೊಂಡು ಅದೇ ರನ್‌ವೇಯಲ್ಲಿ ತಾನಾಗಿ ಇಳಿಯಿತು. ನನ್ನ ವಿಷಯಕ್ಕೆ ಹತ್ತಿರವಾದದ್ದು ಬಾಲವಿಲ್ಲದ, ಬಾಣದ ತುದಿಯಂತಿರುವ ಸ್ವಯಂಚಾಲಿತ ವಿಮಾನ. 2022ರ ಜುಲೈ 1ರಂದು ಅದು ಇಲ್ಲಿ ಮೊದಲ ಸಲ ಹಾರಿತು. 2023ರ ಡಿಸೆಂಬರಿನಲ್ಲಿ ಮತ್ತೆ ಹಾರಿದಾಗ ಸರ್ಕಾರ ಹೊರಡಿಸಿದ ಹೇಳಿಕೆಯಲ್ಲಿ ಅದರ ಮೈಯನ್ನು ದೇಶದಲ್ಲೇ ಬೆಳೆಸಿದ ಹಗುರ ಇಂಗಾಲದ ಪ್ರಿಪ್ರೆಗ್‌ನಿಂದ ಮಾಡಲಾಗಿದೆ ಎಂಬ ಮಾತಿತ್ತು. ಮೈಯ ಆರೋಗ್ಯವನ್ನು ಗಮನಿಸಲು ಬೆಳಕಿನೆಳೆಗಳನ್ನೂ ಒಳಗೆ ಹುದುಗಿಸಿದ್ದರು. ಹುಣಸೆ ಬೀಜದ ಸರಿ ಹಚ್ಚಿದ ನೂಲು ಒಣಗುತ್ತಿದ್ದ ಸೀಮೆಯ ಮೇಲೆ ರೆಸಿನ್ ಕುಡಿದ ಎಳೆ ಹಾರಿತು.

ಇದನ್ನು ಪ್ರಗತಿಯ ಕಥೆಯಾಗಿಯೋ ಬರೀ ನಷ್ಟದ ಕಥೆಯಾಗಿಯೋ ಹೇಳಲು ನನಗೆ ಮನಸ್ಸಿಲ್ಲ. ವಿಮಾನ ಬೇಕು; ಅದನ್ನು ಇಲ್ಲೇ ಮಾಡಲು ಕಲಿತದ್ದು ಹೆಮ್ಮೆಯ ಸಂಗತಿ. ಆದರೆ ಬಾಗಿದ ಪಟ್ಟಿಯ ಲೆಕ್ಕ ಕಲಿಸಿದ ಪಾಠ ನೆಲಕ್ಕೂ ಹೊಂದುತ್ತದೆ. ಒಂದು ಕಡೆ ಅಳತೆ ಬದಲಾದರೆ ಇನ್ನೊಂದು ಕಡೆ ಏನೋ ಹೆಚ್ಚಾಗಿ ಉಳಿಯುತ್ತದೆ. ಕಾವಲು ಗೋಡೆಯೊಳಗೆ ಹೋದಾಗ ಹೊರಗುಳಿದ ಕುರಿಗಳು ಎಲ್ಲಿ ಮೇಯಬೇಕೆಂದು ಮೊದಲೇ ಯೋಚಿಸಿ ದಾರಿ ಮಾಡಿದ್ದರೆ ಅದು ನೆರಿಗೆಯಾಗುತ್ತಿತ್ತು. ಯೋಚಿಸಲಿಲ್ಲ, ಆ ಭಾರ ತನಗೆ ತೋಚಿದ ಕಡೆ, ಎಂದರೆ ತೀರ ಬಡವರ ಮೇಲೆ, ಮುದುಡಿ ನಿಂತಿತು. ಹುಲ್ಲು ಕಡಿಮೆಯಾದಷ್ಟೂ ಮಂದೆ ಸಣ್ಣದಾಗುತ್ತದೆ, ಮಂದೆ ಸಣ್ಣದಾದಷ್ಟೂ ಮಗ್ಗಕ್ಕೆ ಉಣ್ಣೆ ಕಡಿಮೆ.

ಅದರ ಜೊತೆ ಹೋಗುವುದು ಕಂಬಳಿಯೊಂದೇ ಅಲ್ಲ, ಒಂದು ತಿಳಿವಳಿಕೆ. ಎಳೆಯ ಸ್ವಭಾವದ ಬಗ್ಗೆ ನಮ್ಮ ಭಾಷೆಯಲ್ಲಿ ಹಾಸು, ಹೊಕ್ಕು, ಓರೆ, ಜಗ್ಗು, ಬಿಗಿ, ಸಡಿಲ, ಸರಿ, ನೆರಿಗೆ, ಮಡಿಕೆ, ಸುಕ್ಕು ಎಂಬ ಖಚಿತವಾದ ಮಾತುಗಳಿವೆ. ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಇವನ್ನೆಲ್ಲ ಇಂಗ್ಲಿಷಿನಲ್ಲಿ ಹೊಸದೆಂಬಂತೆ ಕಲಿಯುತ್ತಾರೆ. ಮನೆಯಲ್ಲಿ ಮಗ್ಗವಿದ್ದವರೂ ಹಾಗೆಯೇ ಕಲಿಯುತ್ತಾರೆ. ಮಗ್ಗದ ಮುಂದೆ ಕೂತವರಿಗೆ ತಮ್ಮ ಕೈಯ ಲೆಕ್ಕ ವಿಮಾನದ ಲೆಕ್ಕದ ನೆಂಟನೆಂದು ಹೇಳಿದವರಿಲ್ಲ.

ಕುದಾಪುರದ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಹಲವು ವರ್ಷಗಳಿಂದ ಶಾಲಾ ಕಾಲೇಜುಗಳ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತಿದೆ. ಅಲ್ಲಿಗೆ ಬರುವ ಮೇಷ್ಟರುಗಳಿಗೆ, ಮೇಡಂಗಳಿಗೆ ಒಂದು ಪಾಠವನ್ನು ಸೂಚಿಸುವ ಆಸೆ ನನಗೆ. ಬೇಕಾಗುವುದು ಒಂದು ನೋಟ್‌ಬುಕ್, ಎರಡು ಕ್ಲಿಪ್, ಒಂದು ಬೋರಲು ಹಾಕಿದ ಚೊಂಬು, ಒಂದು ತುಂಡು ಕಂಬಳಿ, ಒಂದು ರೇಷ್ಮೆ ಚೂರು. ಚೊಂಬಿಗೆ ಬಟ್ಟೆ ಹೊದಿಸಿ, ಎಲ್ಲಿ ಸುಕ್ಕು ಬೀಳುತ್ತದೆ, ಓರೆ ತಿರುಗಿಸಿದರೆ ಎಲ್ಲಿ ಮಾಯವಾಗುತ್ತದೆ ಎಂದು ಮಕ್ಕಳೇ ನೋಡಿ ಬರೆದುಕೊಳ್ಳಲಿ. ಆ ಮೇಲೆ ಮಕ್ಕಳನ್ನು ಮೊಳಕಾಲ್ಮೂರಿನ ಒಂದು ಮಗ್ಗದ ಮನೆಗೆ ಕರೆದುಕೊಂಡು ಹೋಗಿ, ಹಾಸಿನ ಬಿಗಿಯನ್ನು ಕೈಯಿಂದ ಮುಟ್ಟಿ ನೋಡಲು ಬಿಡಲಿ.